ತಳುಕಿನ ಗುರುಗಳು ಟಿ.ಎಸ್. ವೆಂಕಣ್ಣಯ್ಯ



ನಮ್ಮ ರಾಂಪುರದಿಂದ ಚಳ್ಳಕೆರೆ ಬಸ್ಸು ಹತ್ತಿದ್ರೆ ದಾರೀಲಿ ತಳುಕು ಸಿಗುತ್ತೆ. ನಾನು ಎಷ್ಟೋ ಸಲ ಆ ಊರು ದಾಟಿ ಹೋಗಿದ್ದೀನಿ. ಆದ್ರೆ ಕನ್ನಡದ ದೊಡ್ಡ ಗುರುಗಳೊಬ್ಬರು ಆ ಊರಿನವರು ಅಂತ ಈ ವರ್ಷವೇ ನನಗೆ ಗೊತ್ತಾಗಿದ್ದು. ಅವರೇ ಟಿ.ಎಸ್. ವೆಂಕಣ್ಣಯ್ಯನವರು. ಅವರ ಬಗ್ಗೆ ತಿಳಿಯೋಕೆ ನಾನು ಮಾಡಿದ ಒಂದು ತಪ್ಪೇ ಕಾರಣ. ಅದನ್ನೂ ಬರೀತೀನಿ.

ಕನ್ನಡ ಮೇಷ್ಟ್ರು ನಾಲ್ಕನೇ ತರಗತಿಯ ಐದು ಮಕ್ಕಳಿಗೆ ಪ್ರಬಂಧ ಹೇಳಿಕೊಡು ಅಂತ ನನಗೆ ಒಪ್ಪಿಸಿದ್ರು. ವಿಷಯ ಮಳೆಗಾಲ. ಪೀಠಿಕೆ ಬರೀರಿ ಅಂದ್ರೆ ಆ ಮಕ್ಕಳು ಪೆನ್ಸಿಲ್ ಕಚ್ಚಿಕೊಂಡು ಸುಮ್ಮನೆ ಕೂತ್ರು. ನನಗೆ ತಾಳ್ಮೆ ಇರಲಿಲ್ಲ. ಹೊಳೆಗಳು ತುಂಬಿ ಹರಿಯುತ್ತವೆ, ಎಲ್ಲೆಲ್ಲೂ ಹಸಿರು ಅಂತ ಗೈಡಿನಲ್ಲಿದ್ದ ಪೀಠಿಕೆಯನ್ನೇ ಬೋರ್ಡಿನ ಮೇಲೆ ಬರೆದುಬಿಟ್ಟೆ. ಐದೂ ಜನ ಅದನ್ನೇ ಇಳಿಸಿಕೊಂಡ್ರು. ಮುಂದಕ್ಕೆ ಏನು ಬರೆಯೋದು ಯಾರಿಗೂ ತೋಚಲಿಲ್ಲ. ಯಾಕಂದ್ರೆ ಅವರು ಹೊಳೆ ತುಂಬಿದ್ದು ನೋಡೇ ಇಲ್ಲ. ಐದು ಪುಸ್ತಕದಲ್ಲೂ ಒಂದೇ ಪೀಠಿಕೆ ನೋಡಿ ಮೇಷ್ಟ್ರು ಬೈಯಲಿಲ್ಲ. ವೆಂಕಣ್ಣಯ್ಯನವರ ಜೀವನ ಚರಿತ್ರೆ ಕೊಟ್ಟು ಓದು ಅಂದ್ರು. ನನಗೆ ಬೈದದ್ದಕ್ಕಿಂತ ಹೆಚ್ಚು ನಾಚಿಕೆ ಆಯ್ತು.

ವೆಂಕಣ್ಣಯ್ಯನವರು 1885ರಲ್ಲಿ ತಳುಕಿನಲ್ಲಿ ಜನಿಸಿದರು. ತಂದೆ ಸುಬ್ಬಣ್ಣನವರು. ಚೆನ್ನಾಗಿ ಓದಿ ಎಂ.ಎ. ಪಾಸು ಮಾಡಿ ಮೇಷ್ಟ್ರಾದರು. ಮೊದಲು ಹೈಸ್ಕೂಲಿನಲ್ಲಿ ಪಾಠ ಮಾಡಿದರು. ಆಮೇಲೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಪ್ರೊಫೆಸರ್ ಆದರು. ಅವರು ಬಹಳ ಎತ್ತರದ ಆಳು. ಆದ್ರೆ ಮನಸ್ಸು ಮಾತ್ರ ಬೆಣ್ಣೆಯಂತೆ ಮೃದು. ಸ್ನೇಹಿತರಾದ ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆ ಸೇರಿ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟರು. ಹಳೆಯ ಕಾವ್ಯಗಳನ್ನು ಸಂಪಾದಿಸಿದರು.

ಆ ಕಾಲದಲ್ಲಿ ಕಾಲೇಜಿನಲ್ಲಿ ಇಂಗ್ಲಿಷಿಗೇ ಮರ್ಯಾದೆ ಹೆಚ್ಚು. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಶುರುವಾಯ್ತು. ಅದರ ಮೊದಲ ತಂಡದಲ್ಲೇ ಓದಿದವರು ಕುವೆಂಪು. ಅವರೂ ಹುಡುಗರಾಗಿದ್ದಾಗ ಮೊದಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೀತಿದ್ರಂತೆ! ಡಿ.ಎಲ್. ನರಸಿಂಹಾಚಾರ್ಯರು, ನಾವೆಲ್ಲ ಹಾಡುವ ನಾಯಿಮರಿ ಪದ್ಯ ಬರೆದ ಜಿ.ಪಿ. ರಾಜರತ್ನಂ, ಇವರೂ ವೆಂಕಣ್ಣಯ್ಯನವರ ಶಿಷ್ಯರೇ. ಅವರ ತಮ್ಮ ತ.ಸು. ಶಾಮರಾಯರೂ ದೊಡ್ಡ ವಿದ್ವಾಂಸರು. ದುರ್ಗಾಸ್ತಮಾನ ಬರೆದ ತ.ರಾ.ಸು. ಕೂಡ ಅದೇ ಮನೆತನದವರು.

ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 1949ರಲ್ಲಿ, ಕುವೆಂಪು ಅವರ ಶ್ರೀರಾಮಾಯಣ ದರ್ಶನಂ ಪ್ರಕಟವಾಯ್ತು. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿ ತಂದದ್ದು ಅದೇ ಕಾವ್ಯ. ಅದನ್ನು ತೆರೆದರೆ ಮೊದಲಿಗೇ ಅರ್ಪಣೆ ಇದೆ. ಅದು ಇರೋದು ನಮ್ಮ ತಳುಕಿನ ವೆಂಕಣ್ಣಯ್ಯನವರಿಗೆ. ಅಷ್ಟು ದೊಡ್ಡ ಕಾವ್ಯದ ಆರಂಭದಲ್ಲೇ ನಮ್ಮ ಸೀಮೆಯ ಮೇಷ್ಟ್ರು!

ಇದನ್ನು ಓದಿ ನಾನು ಯೋಚನೆ ಮಾಡಿದೆ. ವೆಂಕಣ್ಣಯ್ಯನವರು ಬರೆದ ಪುಸ್ತಕಗಳು ಬಹಳ ಇಲ್ಲ. ಅವರ ಶಿಷ್ಯರು ರಾಶಿ ರಾಶಿ ಬರೆದರು. ಗುರುಗಳು ಪ್ರೀತಿ ಕೊಟ್ಟರು, ಧೈರ್ಯ ಕೊಟ್ಟರು. ಬರೆದದ್ದು ಮಾತ್ರ ಶಿಷ್ಯರೇ. ನಾನೋ, ಆ ಚಿಕ್ಕ ಮಕ್ಕಳ ಕೆಲಸವನ್ನು ನಾನೇ ಮಾಡಿಬಿಟ್ಟಿದ್ದೆ.

ಮಾರನೇ ದಿನ ಬೋರ್ಡ್ ಒರೆಸಿ, ಮಕ್ಕಳ ಜೊತೆ ನೆಲದ ಮೇಲೆ ಕೂತೆ. ಮಳೆ ಅಂದ್ರೆ ಮೊದಲು ಏನು ನೆನಪಾಗುತ್ತೆ, ಏನು ನೋಡಿದ್ರಿ, ಮನೇಲಿ ಯಾರು ಏನಂತಾರೆ ಅಂತ ಒಬ್ಬೊಬ್ಬರನ್ನೇ ಕೇಳಿದೆ. ಮನೆಮಾತು ತೆಲುಗು ಇದ್ದವರು ತೆಲುಗಿನಲ್ಲೇ ಹೇಳಿದ್ರು, ಆಮೇಲೆ ಕನ್ನಡದಲ್ಲಿ ಬರೆದ್ರು. ಒಬ್ಬ ಹುಡುಗ, ಹನಿ ಬಿದ್ದ ತಕ್ಷಣ ಅವರಜ್ಜಿ ಕುಳ್ಳು ಒಳಗೆ ಹಾಕೋಕೆ ಓಡ್ತಾಳೆ ಅಂದ. ಎಲ್ಲರೂ ನಕ್ಕರು. ಅದೇ ಅವನ ಪೀಠಿಕೆ ಆಯ್ತು.

ಒಬ್ಬಳು ಮಾತ್ರ ತುಂಬಾ ಹೊತ್ತು ಮಾತಾಡಲಿಲ್ಲ. ನಾನೂ ಈ ಸಲ ಅವಸರ ಮಾಡಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದಳು. ಅವರಪ್ಪ ಕೂಲಿಗೆ ಬೆಂಗಳೂರಿಗೆ ಹೋಗಿದ್ದಾರೆ. ಫೋನ್ ಮಾಡಿದಾಗ ಮೊದಲು ಕೇಳೋದು ಊರಲ್ಲಿ ಮಳೆ ಬಂತಾ ಅಂತ. ಬಂದ್ರೆ ಶೇಂಗಾ ಬಿತ್ತೋಕೆ ಅಪ್ಪ ಬರ್ತಾರೆ. ಇದನ್ನೆಲ್ಲ ಪ್ರಬಂಧದಲ್ಲಿ ಬರೀಬಹುದಾ ಅಕ್ಕ ಅಂತ ಕೇಳಿದಳು. ಬರೀಬಹುದು ಅಂದೆ. ಅವಳು ತಲೆ ಎತ್ತದೆ ಒಂದೂವರೆ ಪುಟ ಬರೆದಳು.

ಅವಳ ಪ್ರಬಂಧವನ್ನು ಈ ಗೋಡೆ ಪತ್ರಿಕೆಯಲ್ಲೇ ಪಕ್ಕದಲ್ಲಿ ಅಂಟಿಸಿದ್ದೇವೆ. ದಯವಿಟ್ಟು ಎಲ್ಲರೂ ಓದಿ. ನನ್ನ ಬರಹದಲ್ಲಿ ತಪ್ಪಿದ್ದರೆ ಕ್ಷಮಿಸಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ, ರಾಂಪುರ