ರಕ್ತದ ಗುಂಪುಗಳನ್ನು ಗುರುತಿಸಿದ ಡಾ. ಕಾರ್ಲ್ ಲ್ಯಾಂಡ್‌ಸ್ಟೈನರ್ (1868–1943)

ಥಲಸ್ಸೀಮಿಯದಂತಹ ದೀರ್ಘಕಾಲಿಕ ರಕ್ತದೋಷವುಳ್ಳವರ ಪರವಾಗಿ ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ರಕ್ತದ ಗುಂಪಿನ ವರದಿಯನ್ನು ಜೋಪಾನವಾಗಿ ಕಾಯ್ದಿರಿಸಿಕೊಳ್ಳುವುದು ಅವಶ್ಯಕ. ಇದರ ಕಾರಣವು ಈ ವಿಜ್ಞಾನಿಯ ಜೀವನದಿಂದ ತಿಳಿದುಬರುತ್ತದೆ.

ಡಾ. ಕಾರ್ಲ್ ಲ್ಯಾಂಡ್‌ಸ್ಟೈನರ್‌ರವರು 1868ರ ಜೂನ್ 14ರಂದು ಆಸ್ಟ್ರಿಯಾ ದೇಶದಲ್ಲಿ ಜನಿಸಿದರು. ಪತ್ರಕರ್ತರಾಗಿದ್ದ ತಂದೆ ತೀರಿಕೊಂಡಾಗ ಬಾಲಕನಿಗೆ ಆರು ವರ್ಷ. ತಾಯಿಯವರೇ ಸಾಕಿ ಬೆಳೆಸಿದರು. 1891ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು, ನಂತರ ಜರ್ಮನಿ ಮತ್ತು ಸ್ವಿಟ್ಜರ್‌ಲೆಂಡ್‌ಗಳಲ್ಲಿ ರಸಾಯನಶಾಸ್ತ್ರವನ್ನೂ ಅಭ್ಯಸಿಸಿದರು. ವಿಯೆನ್ನಾದ ರೋಗಶಾಸ್ತ್ರ ಸಂಸ್ಥೆಯಲ್ಲಿ ಹತ್ತು ವರ್ಷಗಳ ಕಾಲ ಅವರ ನಿತ್ಯದ ಕೆಲಸವು ಶವಪರೀಕ್ಷೆಯೇ ಆಗಿತ್ತು. ಸಂಶೋಧನೆಯು ಅದರ ನಡುವೆಯೇ ನಡೆಯಿತು.

ಆ ಕಾಲದಲ್ಲಿ ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ನೀಡಿದಾಗ ಕೆಲವರು ಚೇತರಿಸಿಕೊಳ್ಳುತ್ತಿದ್ದರು, ಕೆಲವರು ಮೃತಪಡುತ್ತಿದ್ದರು. ರಕ್ತ ಬೆರೆತಾಗ ಗರಣೆಗಟ್ಟುವುದಕ್ಕೆ ರೋಗವೇ ಕಾರಣವೆಂದು ಅನೇಕರು ಭಾವಿಸಿದ್ದರು. ಲ್ಯಾಂಡ್‌ಸ್ಟೈನರ್‌ರವರು ತಮ್ಮದೂ ಸೇರಿದಂತೆ ಆರೋಗ್ಯವಂತರಾದ ಸಹೋದ್ಯೋಗಿಗಳ ರಕ್ತವನ್ನೇ ತೆಗೆದುಕೊಂಡು, ಪ್ರತಿಯೊಬ್ಬರ ಸೀರಮ್ಮನ್ನು ಉಳಿದವರ ಕೆಂಪು ರಕ್ತಕಣಗಳೊಡನೆ ಬೆರೆಸಿ, ಫಲಿತಾಂಶವನ್ನು ಕೋಷ್ಟಕದಲ್ಲಿ ನಮೂದಿಸಿದರು. ಲೆಕ್ಕಪತ್ರ ಬಲ್ಲವರಿಗೆ ಇದು ಎರಡು ಖಾತೆಗಳನ್ನು ತಾಳೆ ನೋಡಿದಂತೆ ಕಾಣುತ್ತದೆ. 1901ರಲ್ಲಿ ಎ, ಬಿ, ಸಿ ಎಂಬ ಮೂರು ಗುಂಪುಗಳನ್ನು ಪ್ರಕಟಿಸಿದರು. ಸಿ ಎಂಬುದೇ ಇಂದಿನ ಓ ಗುಂಪು. ಎಬಿ ಗುಂಪನ್ನು 1902ರಲ್ಲಿ ಅವರ ಸಹೋದ್ಯೋಗಿಗಳು ಗುರುತಿಸಿದರು. ಇಷ್ಟು ಮಹತ್ವದ ಶೋಧನೆಗೆ ನೊಬೆಲ್ ಪ್ರಶಸ್ತಿ ದೊರೆತದ್ದು 1930ರಲ್ಲಿ.

ಮೊದಲನೆಯ ಮಹಾಯುದ್ಧದ ನಂತರ ವಿಯೆನ್ನಾದಲ್ಲಿ ತೀವ್ರ ಅಭಾವ ತಲೆದೋರಿದ್ದರಿಂದ, 1919ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಸಣ್ಣ ಆಸ್ಪತ್ರೆಯೊಂದನ್ನು ಸೇರಿದರು. ಬಳಿಕ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಗೆ ತೆರಳಿದರು. ಅಲ್ಲಿ 1927ರಲ್ಲಿ ಫಿಲಿಪ್ ಲೆವಿನ್‌ರವರೊಡನೆ ಎಂ, ಎನ್ ಮತ್ತು ಪಿ ಅಂಶಗಳನ್ನೂ, 1940ರಲ್ಲಿ ಅಲೆಕ್ಸಾಂಡರ್ ವೀನರ್‌ರವರೊಡನೆ ಆರ್‌ಎಚ್ ಅಂಶವನ್ನೂ ಗುರುತಿಸಿದರು. ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿರುವಾಗಲೇ ಹೃದಯಾಘಾತಕ್ಕೊಳಗಾಗಿ 1943ರ ಜೂನ್ 26ರಂದು ನಿಧನ ಹೊಂದಿದರು. ಅವರ ಜನ್ಮದಿನವನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸಲಾಗುತ್ತಿದೆ.

ಒಮ್ಮೆ ಮಾತ್ರ ರಕ್ತ ಪಡೆಯುವವರಿಗೆ ಸಾಮಾನ್ಯವಾಗಿ ಎಬಿಓ ಮತ್ತು ಆರ್‌ಎಚ್ ಗುಂಪು ಹಾಗೂ ಹೊಂದಾಣಿಕೆ ಪರೀಕ್ಷೆಯು ಸಾಕಾಗುತ್ತದೆ. ಆದರೆ ತೀವ್ರ ಸ್ವರೂಪದ ಥಲಸ್ಸೀಮಿಯವುಳ್ಳ ಮಗುವಿಗೆ 2ರಿಂದ 5 ವಾರಗಳಿಗೊಮ್ಮೆ ಬೇರೆ ಬೇರೆ ದಾನಿಗಳ ರಕ್ತಕಣಗಳನ್ನು ನೀಡಬೇಕಾಗುತ್ತದೆ. ಸಿ, ಇ, ಕೆಲ್ ಮುಂತಾದ ಇತರ ಅಂಶಗಳು ಹೊಂದದಿದ್ದಲ್ಲಿ ದೇಹದಲ್ಲಿ ಪ್ರತಿಕಾಯಗಳು ಉಂಟಾಗಿ, ಮುಂದೆ ಸೂಕ್ತ ರಕ್ತ ದೊರಕುವುದೇ ಕಷ್ಟವಾಗಬಹುದು. ಆದುದರಿಂದ ಈ ಅಂಶಗಳ ಪರೀಕ್ಷೆಯನ್ನು ಮೊದಲ ಬಾರಿ ರಕ್ತ ನೀಡುವುದಕ್ಕೆ ಮುನ್ನವೇ ಮಾಡಿಸತಕ್ಕದ್ದು. ನಂತರ ಮಾಡಿಸಿದಲ್ಲಿ ದಾನಿಯ ಕಣಗಳೂ ಬೆರೆತಿರುವುದರಿಂದ ಸಾಮಾನ್ಯ ವಿಧಾನದ ಫಲಿತಾಂಶವು ನಂಬಲರ್ಹವಾಗಿರುವುದಿಲ್ಲ. ಪೋಷಕರು ಈ ವಿಷಯವನ್ನು ವೈದ್ಯರಲ್ಲಿ ತಾವಾಗಿಯೇ ಕೇಳಲು ಸಂಕೋಚಪಡಬೇಕಾಗಿಲ್ಲ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಥಲಸ್ಸೀಮಿಯ, ಹಿಮೋಫಿಲಿಯಾ ಮತ್ತು ಕುಡುಗೋಲು ಕಣ ರೋಗಗಳನ್ನು ಸೇರಿಸಲಾಗಿದೆ. ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವವರು ಮೇಲ್ಕಂಡ ವರದಿಯ ನಕಲನ್ನು ಮಾತ್ರ ನೀಡಿ, ಮೂಲ ಪ್ರತಿಯನ್ನು ತಮ್ಮಲ್ಲೇ ಉಳಿಸಿಕೊಂಡು, ಪ್ರತಿ ಬಾರಿ ರಕ್ತ ಪಡೆಯಲು ಹೋಗುವಾಗ ಕೊಂಡೊಯ್ಯಲು ಕೋರಲಾಗಿದೆ.