ವಾಷಿಂಗ್ಟನ್ ನಗರದ ನಕ್ಷೆಗಾರ ಲಾಂಫಾಂ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ವಿಶಾಲ ಬೀದಿಗಳನ್ನು ಮೊದಲು ಕಾಗದದ ಮೇಲೆ ಮೂಡಿಸಿದವರು ಫ್ರಾನ್ಸಿನಿಂದ ಬಂದ ಪಿಯೆರ್ ಶಾರ್ಲ್ ಲಾಂಫಾಂ. 1754ರಲ್ಲಿ ಪ್ಯಾರಿಸಿನಲ್ಲಿ ಚಿತ್ರಕಾರರೊಬ್ಬರ ಮಗನಾಗಿ ಜನಿಸಿದ ಅವರು, 1777ರಲ್ಲಿ ಅಮೆರಿಕನ್ನರ ಸ್ವಾತಂತ್ರ್ಯ ಸಮರಕ್ಕೆ ನೆರವಾಗಲು ಬಂದು ಸೇನೆಯ ಇಂಜಿನಿಯರರಾದರು. ಸವಾನಾ ಕದನದಲ್ಲಿ ಗಾಯಗೊಂಡರು, ಚಾರ್ಲ್ಸ್‌ಟನ್ನಿನಲ್ಲಿ ಸೆರೆಸಿಕ್ಕರು.

1791ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಹೊಸ ರಾಜಧಾನಿಯ ನಕ್ಷೆಯ ಹೊಣೆಯನ್ನು ಅವರಿಗೆ ವಹಿಸಿದರು. ಪೊಟೊಮ್ಯಾಕ್ ನದಿಯ ದಂಡೆಯ ಹೊಲ, ಕಾಡುಗಳಲ್ಲಿ ಅಲೆದ ಲಾಂಫಾಂ, ಜೆಂಕಿನ್ಸ್ ಗುಡ್ಡವನ್ನು ಸಂಸತ್ ಭವನಕ್ಕೆಂದು ಆರಿಸಿದರು. ಪ್ರತಿಭೆಗೆ ಕೊರತೆಯಿರಲಿಲ್ಲ; ಕೊರತೆಯಿದ್ದುದು ತಾಳ್ಮೆಗೆ. ಕಥೋಲಿಕ ಭೂಮಾಲೀಕ, ಡಡಿಂಗ್ಟನ್ನಿನ ಡೇನಿಯಲ್ ಕ್ಯಾರೋಲ್ ಕಟ್ಟಿಸುತ್ತಿದ್ದ ಮನೆ ತಮ್ಮ ಬೀದಿಗೆ ಅಡ್ಡವಾಯಿತೆಂದು, ಮೇಲಧಿಕಾರಿಗಳಾದ ಕಮಿಷನರರ ಮಾತನ್ನೂ ಲೆಕ್ಕಿಸದೆ ಕೆಡವಿಸಿಬಿಟ್ಟರು. ಇಂಥ ಹಟದಿಂದಾಗಿ 1792ರ ಫೆಬ್ರವರಿಯಲ್ಲಿ ಹುದ್ದೆ ಹೋಯಿತು. ನಕ್ಷೆಯನ್ನು ಭೂಮಾಪಕ ಆಂಡ್ರೂ ಎಲಿಕಾಟ್ ತಿದ್ದಿ ಪೂರೈಸಿದರು.

ನೀಡಬಂದ ಸಂಭಾವನೆ ಅಲ್ಪವೆಂದು ಲಾಂಫಾಂ ತಿರಸ್ಕರಿಸಿದರು. ಬಳಿಕ ವರ್ಷಗಟ್ಟಲೆ ಕಾಂಗ್ರೆಸ್ಸಿಗೆ ಅರ್ಜಿ ಹಿಡಿದು ಅಲೆದರೂ ದೊರೆತದ್ದು ಸ್ವಲ್ಪವೇ. ಮುಪ್ಪಿನಲ್ಲಿ ಆಶ್ರಯವಿತ್ತವರು ಮೇರಿಲೆಂಡಿನ ಡಿಗ್ಸ್ ಕುಟುಂಬದವರು. ಆ ಮನೆಯ ಯಜಮಾನಿ ಬೇರಾರೂ ಅಲ್ಲ, ಅದೇ ಡೇನಿಯಲ್ ಕ್ಯಾರೋಲರ ಮಗಳು! ತಂದೆಯ ಮನೆ ಕೆಡವಿಸಿದಾತನಿಗೆ ಮಗಳ ಮನೆಯಲ್ಲಿ ಅನ್ನ ದೊರೆಯಿತು.

1825ರಲ್ಲಿ ಅವರು ತೀರಿಕೊಂಡಾಗ ಉಳಿದಿದ್ದ ಗಡಿಯಾರ, ದಿಕ್ಸೂಚಿ, ನಕ್ಷೆಗಳ ಬೆಲೆ ಸುಮಾರು 45 ಡಾಲರ್. ಡಿಗ್ಸ್ ಕುಟುಂಬದ ತೋಟದಲ್ಲೇ ಸಮಾಧಿಯಾಯಿತು. 1909ರಲ್ಲಿ ಸರಕಾರವು ಅವರ ಅವಶೇಷಗಳನ್ನು ಹೊರತೆಗೆಸಿ, ಸಂಸತ್ ಭವನದಲ್ಲಿ ಸಾರ್ವಜನಿಕ ಗೌರವಕ್ಕಿರಿಸಿ, ಆರ್ಲಿಂಗ್ಟನ್ ಗುಡ್ಡದಲ್ಲಿ ಮಣ್ಣುಮಾಡಿತು. ಅವರು ರೂಪಿಸಿದ ನಗರವೆಲ್ಲ ಅಲ್ಲಿಂದ ಕಾಣುತ್ತದೆ.