ಮೆಣಸಿನ ರಾಣಿಯ ತಾಳ್ಮೆ

ತಾಳಿದವನು ಬಾಳಿಯಾನು ಎಂಬುದು ನಮ್ಮ ಗಾದೆ. ಆದರೆ ಎಷ್ಟು ಕಾಲ ತಾಳಬೇಕು, ಯಾರೆದುರು ತಾಳಬೇಕು ಎಂಬುದನ್ನು ಗಾದೆ ತಿಳಿಸುವುದಿಲ್ಲ. ಈ ಪ್ರಶ್ನೆ ಎದ್ದಾಗಲೆಲ್ಲ ನನ್ನ ಮನಸ್ಸು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯತ್ತ ಹೊರಳುತ್ತದೆ.

1552ರಲ್ಲಿ ಆಕೆ ಪಟ್ಟವೇರಿದಾಗ ಕಾಲ ಅನುಕೂಲವಾಗಿರಲಿಲ್ಲ. ಹತ್ತು ವರ್ಷಗಳ ಹಿಂದಷ್ಟೇ ಪೋರ್ಚುಗೀಸರು ಭಟ್ಕಳವನ್ನು ಸುಟ್ಟಿದ್ದರು. 1565ರಲ್ಲಿ ತಾಳಿಕೋಟೆಯ ಯುದ್ಧದಿಂದ ವಿಜಯನಗರದ ಆಸರೆಯೂ ಕಳಚಿತು. 1569ರಲ್ಲಿ ಹೊನ್ನಾವರ ಪೋರ್ಚುಗೀಸರ ವಶವಾಯಿತು. ಮರುವರ್ಷ ಬಿಜಾಪುರ, ಅಹಮದನಗರ, ಕಲ್ಲಿಕೋಟೆಗಳ ಅರಸರು ಅವರ ಮೇಲೆ ಎದ್ದಾಗ ರಾಣಿಯೂ ಆ ಪಕ್ಷದಲ್ಲಿ ನಿಂತಳು. ಆದರೂ ಹೊನ್ನಾವರದ ಕೋಟೆ ಕೈಗೆ ಬರಲಿಲ್ಲ.

ಸೋತ ಸಿಟ್ಟಿನಲ್ಲಿ ಉಳಿದುದೆಲ್ಲವನ್ನೂ ಪಣಕ್ಕಿಡುವವರುಂಟು. ಎದೆಗುಂದಿ ಶರಣಾಗುವವರೂ ಉಂಟು. ಆಕೆ ಎರಡನ್ನೂ ಮಾಡಲಿಲ್ಲ. ಘಟ್ಟದ ಮೆಣಸು ಆಕೆಯ ನಾಡಿನದು. ಕೊಳ್ಳುವ ಹಡಗು ಪರಂಗಿಯದು. ಮೆಣಸಿನ ಬಳ್ಳಿ ನೆಟ್ಟ ಮೂರು ನಾಲ್ಕು ವರ್ಷಗಳಿಗೆ ಫಲ ಕೊಡುತ್ತದೆ. ಒಣಗಿಸಿಟ್ಟ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಲಿಸ್ಬನ್ನಿಗೆ ಮರಳುವ ಹಡಗು ಜನವರಿಯ ಹೊತ್ತಿಗೆ ಹಾಯಿ ಬಿಚ್ಚಲೇಬೇಕು. ತಪ್ಪಿದರೆ ಮಾರುತ ಮತ್ತೊಂದು ವರ್ಷ ಕಾಯಿಸುತ್ತದೆ. ಮೆಣಸು ಕಾಯಬಲ್ಲುದು, ಹಡಗು ಕಾಯಲಾರದು. ಕಡಲಿನಲ್ಲಿ ಬಲಶಾಲಿಯಾದ ಶತ್ರುವಿನೆದುರು ಆಕೆಯ ಬಲವಿದ್ದುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಒಮ್ಮೆ ಕಾದಿದವರೊಡನೆಯೇ ಆಕೆ ವ್ಯಾಪಾರ ನಡೆಸಿದಳು. ಅವರೇ ಆಕೆಯನ್ನು ಮೆಣಸಿನ ರಾಣಿಯೆಂದು ಕರೆದರು. ಕುಮಟಾ ಸೀಮೆಯ ಮಿರ್ಜಾನ್ ಕೋಟೆ ಇಂದಿಗೂ ಆಕೆಯ ಹೆಸರನ್ನು ನೆನಪಿಸುತ್ತ ನಿಂತಿದೆ. ಕ್ಷಮೆಯನ್ನು ಧರ್ಮಗಳಲ್ಲಿ ಮೊದಲನೆಯದೆಂದು ಎಣಿಸುವ ಜೈನಮತದಲ್ಲಿ ಬೆಳೆದವಳಿಗೆ ತಾಳ್ಮೆ ಹೇಡಿತನವೆಂದು ತೋರಿರಲಾರದು.

ಆದರೂ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1606ರಲ್ಲಿ ಕೆಳದಿಯ ವೆಂಕಟಪ್ಪನಾಯಕ ಗೇರುಸೊಪ್ಪೆಯನ್ನು ಗೆದ್ದನು. ಐವತ್ತನಾಲ್ಕು ವರ್ಷ ಆಳಿದ ರಾಣಿ ಇಕ್ಕೇರಿಯಲ್ಲಿ ಸೆರೆಯಾಳಾಗಿ ಕಣ್ಣು ಮುಚ್ಚಿದಳು. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಲ್ಲೆ ಆ ದಾರಿಯಲ್ಲಿ ಬಂದಾಗ ಅರಮನೆ ಪಾಳುಬಿದ್ದು ಗಿಡಮರಗಳು ಬೆಳೆದಿದ್ದವು.

ಹಾಗಾದರೆ ಆಕೆಯ ತಾಳ್ಮೆ ವ್ಯರ್ಥವಾಯಿತೆ? ನಾನು ಹಾಗೆಣಿಸಲಾರೆ. ಕಡಲಿನಿಂದ ಬಂದವನಿಗೆ ಗಾಳಿಯ ಗಡುವಿತ್ತು; ಘಟ್ಟದ ಮೇಲಿನ ನೆರೆಯವನಿಗೆ ಅಂಥ ಗಡುವಿರಲಿಲ್ಲ. ಅವನೂ ಕಾಯಬಲ್ಲವನಾಗಿದ್ದನು. ಯಾರ ಕಾಲ ತೀರುತ್ತಿದೆ ಎಂಬುದನ್ನು ಕಂಡು ಕಾಯುವುದು ತಾಳ್ಮೆ. ಅದನ್ನು ಕಾಣದೆ ಕುಳಿತಿರುವುದು ಬರಿಯ ಕಾಲಹರಣ. ವಿದ್ಯೆ, ವೃತ್ತಿ, ವಿವಾಹಗಳ ಹೊಸ್ತಿಲಲ್ಲಿ ನಿಂತ ನಮ್ಮ ತರುಣರು ಈ ಭೇದವನ್ನು ಆಕೆಯ ಗೆಲುವಿನಿಂದಲೂ ಕಲಿಯಬಹುದು, ಸೋಲಿನಿಂದಲೂ ಕಲಿಯಬಹುದು.